ಸಿಗ್ನಲ್ ಸಿಗದ ಮನೆಯಲ್ಲಿ ರೇಡಿಯೊ ಗದ್ದಲ ಮತ್ತು ವಿಕಿರಣ: ಅಳೆಯುವುದು, ಹುಡುಕುವುದು, ತಗ್ಗಿಸುವುದು

ಸಕಲೇಶಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ ನಮ್ಮ ಸೋದರತ್ತೆಯ ಮನೆ ಇದೆ. ಒಂದು ಮಳೆಗಾಲದಲ್ಲಿ ಅಲ್ಲಿಗೆ ಹೋದಾಗ ವೈ-ಫೈ ರೌಟರ್ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿತ್ತು. ಮೊಮ್ಮಕ್ಕಳಿಗೆ ವಿಕಿರಣ ತಗಲಬಾರದೆಂದು ಅತ್ತೆಯೇ ಅದನ್ನು ಅಲ್ಲಿಗೆ ಸಾಗಿಸಿದ್ದರು. ಅದೇ ಸಂಜೆ ಅವರು ತಗಡಿನ ಮಾಡಿನ ಕೋಣೆಯಲ್ಲಿ ಕುಳಿತು, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮಗಳೊಂದಿಗೆ ಮುಕ್ಕಾಲು ಗಂಟೆ ಮಾತನಾಡಿದರು. ಮಾತು ಮೂರು ಸಲ ಕಡಿಯಿತು. ಮೂರು ಸಲವೂ ಮತ್ತೆ ಕರೆ ಮಾಡಿದರು.

ಅತ್ತೆಯ ಕಾಳಜಿ ಸರಿಯಾಗಿತ್ತು. ಆದರೆ ಆ ಮನೆಯಲ್ಲಿ ದೇಹಕ್ಕೆ ಅತಿ ಹೆಚ್ಚು ರೇಡಿಯೊ ಶಕ್ತಿ ಮುಟ್ಟಿಸುತ್ತಿದ್ದುದು ಕೊಟ್ಟಿಗೆಯ ರೌಟರ್ ಅಲ್ಲ, ಅವರ ಕಿವಿಯ ಬಳಿಯಿದ್ದ ಮೊಬೈಲ್. ರೌಟರ್ ಒಳಗಿದ್ದು ಕರೆ ವೈ-ಫೈ ಮೂಲಕವೇ ಹೋಗಿದ್ದರೆ ಮೊಬೈಲ್ ಅಷ್ಟು ಶಕ್ತಿ ಸುರಿಯಬೇಕಾಗಿಯೇ ಇರಲಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಮನೆಗಳಲ್ಲಿ ಸಿಗ್ನಲ್ ಕೆಡಿಸುವ ಗದ್ದಲ ಮತ್ತು ವಿಕಿರಣದ ಭಯ ಎರಡಕ್ಕೂ ಮದ್ದು ಬಹುಮಟ್ಟಿಗೆ ಒಂದೇ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ ಎರಡು ಸಂಗತಿ

ಒಂದು, ದೂರ. ರೇಡಿಯೊ ಅಲೆ ಮೂಲದಿಂದ ಹೊರಟಂತೆ ಹರಡಿಕೊಳ್ಳುತ್ತ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಹೊರಟ ಅಲೆ ನೆಲ ಮುಟ್ಟುವಷ್ಟರಲ್ಲಿ ಎಷ್ಟು ಕ್ಷೀಣಿಸುತ್ತದೆಂದರೆ, ಅದನ್ನು ಒಟ್ಟುಗೂಡಿಸಲು ಅಷ್ಟು ಅಗಲದ ತಟ್ಟೆಗಳೇ ಬೇಕು. ಇದೇ ಲೆಕ್ಕವನ್ನು ಮನೆಗೆ ತನ್ನಿ. ಸಾಮಾನ್ಯ ವೈ-ಫೈ ರೌಟರ್ 100 ಮಿಲಿವ್ಯಾಟ್ ಹೊರಸೂಸುತ್ತದೆ ಎಂದುಕೊಳ್ಳೋಣ. 20 ಸೆಂಟಿಮೀಟರ್ ದೂರದಲ್ಲಿ ಅದರ ತೀವ್ರತೆ ಚದರ ಮೀಟರಿಗೆ ಸುಮಾರು 200 ಮಿಲಿವ್ಯಾಟ್. ಒಂದು ಮೀಟರ್ ದೂರದಲ್ಲಿ ಬರೀ 8 ಮಿಲಿವ್ಯಾಟ್. 2012ರ ಸೆಪ್ಟೆಂಬರ್ 1ರಂದು ಭಾರತವು ಮೊಬೈಲ್ ಟವರ್‌ಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ಎರಡು ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆಗಳಿಗೆ ಆ ಬಿಗಿ ಮಿತಿ ಚದರ ಮೀಟರಿಗೆ 1 ವ್ಯಾಟ್, ಅಂದರೆ 1,000 ಮಿಲಿವ್ಯಾಟ್. ಒಂದು ಮೀಟರ್ ಆಚೆಗಿನ ರೌಟರ್ ಅದರ ನೂರನೆಯ ಒಂದು ಭಾಗವನ್ನೂ ತಲುಪುವುದಿಲ್ಲ.

ಎರಡು, ಮೊಬೈಲಿನ ದನಿ. ಮೊಬೈಲ್ ತನ್ನ ಶಕ್ತಿಯನ್ನು ತಾನೇ ಏರಿಳಿಸಿಕೊಳ್ಳುತ್ತದೆ. ಟವರ್ ಸಮೀಪವಿದ್ದರೆ ಪಿಸುಗುಟ್ಟುತ್ತದೆ, ಗುಡ್ಡದ ಆಚೆಗಿದ್ದರೆ ಕೂಗುತ್ತದೆ. 4ಜಿ ಮೊಬೈಲಿನ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್. ಸಿಗ್ನಲ್ ಚೆನ್ನಾಗಿರುವ ಕಡೆ ಅದು ಇದರ ನೂರನೆಯ, ಸಾವಿರದ ಒಂದು ಭಾಗದಲ್ಲೇ ಕೆಲಸ ಮುಗಿಸಬಲ್ಲದು. 900 ಮೆಗಾಹರ್ಟ್ಸ್‌ನ ಹಳೆಯ 2ಜಿ ಕರೆಯಲ್ಲಿ ಕ್ಷಣದ ಶಕ್ತಿ 2 ವ್ಯಾಟ್‌ವರೆಗೂ ಏರಬಹುದು. ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಪ್ರಸಾರವಾಗುವುದರಿಂದ ಸರಾಸರಿ 250 ಮಿಲಿವ್ಯಾಟ್ ಆಗುತ್ತದೆ. ರೇಡಿಯೊ ಪಕ್ಕದಲ್ಲಿ ಮೊಬೈಲ್ ಇಟ್ಟಾಗ ಕರೆ ಬರುವ ಮುನ್ನ ಕೇಳಿಸುವ 'ಡರ್ ಡರ್' ಸದ್ದು ಈ ಬಿಟ್ಟು ಬಿಟ್ಟು ಬರುವ ಪ್ರಸಾರದ್ದೇ.

ಅಪಾಯದ ಬಗ್ಗೆಯೂ ಹೇಳಿಬಿಡುತ್ತೇನೆ. ಇವು ಎಕ್ಸ್-ರೇಯಂತೆ ಅಣುಗಳಿಂದ ಎಲೆಕ್ಟ್ರಾನ್ ಕೀಳುವ ವಿಕಿರಣವಲ್ಲ. ಖಚಿತವಾಗಿ ಸಾಬೀತಾಗಿರುವ ಪರಿಣಾಮ ಎಂದರೆ ಅಂಗಾಂಶ ಬಿಸಿಯಾಗುವುದು. ಮಿತಿಗಳನ್ನು ಅದನ್ನು ತಡೆಯುವಂತೆ ನಿಗದಿ ಮಾಡಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರಲ್ಲಿ ರೇಡಿಯೊ ಅಲೆಗಳನ್ನು 'ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆ ಇದೆ' ಎಂಬ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತ, ಆದರೆ ತಳ್ಳಿಹಾಕುವಂತಿಲ್ಲ ಎಂಬುದು ಅದರ ಅರ್ಥ. ಹೀಗಿರುವಾಗ ದುಡ್ಡು ಖರ್ಚಿಲ್ಲದೆ ತಗ್ಗಿಸಬಹುದಾದ ಒಡ್ಡಿಕೆಯನ್ನು ತಗ್ಗಿಸುವುದೇ ಒಳ್ಳೆಯದು ಎಂಬುದು ನನ್ನ ನಿಲುವು.

ಮನೆಯ ಸಿಗ್ನಲ್ ನಕ್ಷೆ ಬರೆಯುವುದು

ಒಂದು ಹಾಳೆಯ ಮೇಲೆ ಜಗಲಿ, ನಡುಮನೆ, ಅಡುಗೆಮನೆ, ಅಟ್ಟ, ಕಣ ಎಲ್ಲವನ್ನೂ ಒರಟಾಗಿ ಬರೆದುಕೊಳ್ಳಿ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೋರಿಸುವ ಪುಟಕ್ಕೆ ಹೋದರೆ, ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸಿಮ್ ಸ್ಥಿತಿಯ ಕೆಳಗೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಕಡ್ಡಿಗಳನ್ನು ನಂಬಬೇಡಿ, ಈ ಅಂಕಿಯನ್ನು ನೋಡಿ. ಅದು ಯಾವಾಗಲೂ ಮೈನಸ್‌ನಲ್ಲಿರುತ್ತದೆ. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ, ಮೈನಸ್ 100 ಪರವಾಗಿಲ್ಲ, ಮೈನಸ್ 115 ಎಂದರೆ ಮೊಬೈಲ್ ಏದುಸಿರು ಬಿಡುತ್ತಿದೆ. ಹತ್ತು ಅಂಕಿ ಇಳಿದರೆ ಬಲ ಹತ್ತು ಪಟ್ಟು ಕಡಿಮೆ. ಆದ್ದರಿಂದ ಮೈನಸ್ 85ಕ್ಕೂ 115ಕ್ಕೂ ಇರುವ ವ್ಯತ್ಯಾಸ ಸಾವಿರ ಪಟ್ಟು.

ಪ್ರತಿ ಜಾಗದಲ್ಲಿಯೂ ಒಂದು ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ಅತ್ತೆಯ ಮನೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಮೈನಸ್ 117 ಇತ್ತು, ಜಗಲಿಯ ಪೂರ್ವದ ಮೂಲೆಯಲ್ಲಿ ಮೈನಸ್ 98. ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಲೋಹದ ತಗಡು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ದಪ್ಪ ಮಣ್ಣಿನ ಗೋಡೆ ಮತ್ತು ಜಂಬಿಟ್ಟಿಗೆ ಅದನ್ನು ನುಂಗುತ್ತವೆ, ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು ನುಂಗುತ್ತವೆ. ಕರೆ ಮಾಡುವ ಜಾಗ ಬದಲಿಸಿದ್ದರಿಂದಲೇ ಅತ್ತೆಯ ಅರ್ಧ ತೊಂದರೆ ನೀಗಿತು.

ಗದ್ದಲದ ಮೂಲ ಪತ್ತೆಹಚ್ಚುವುದು

ಈ ಕೆಲಸಕ್ಕೆ ದುಬಾರಿ ಉಪಕರಣ ಬೇಡ. ಬ್ಯಾಟರಿಯಲ್ಲಿ ನಡೆಯುವ, ಮಧ್ಯಮ ತರಂಗ ಹಿಡಿಯುವ ಹಳೆಯ ಟ್ರಾನ್ಸಿಸ್ಟರ್ ಒಂದು ಇದ್ದರೆ ಸಾಕು. ಎಫ್‌ಎಂ ಇಲ್ಲಿ ಕೆಲಸಕ್ಕೆ ಬಾರದು, ಅದರ ರಚನೆಯೇ ಇಂತಹ ಗದ್ದಲವನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ. ಮಧ್ಯಮ ತರಂಗದಲ್ಲಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಿಂದ ಸ್ವಲ್ಪ ಸರಿಸಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ನಿಲ್ಲಿಸಿ. ಮೆಲುವಾದ 'ಶ್' ಸದ್ದು ಸಹಜ. ಗೊರಗೊರ, ಕಟಕಟ, ಸಿಳ್ಳೆ ಕೇಳಿದರೆ ಹತ್ತಿರದಲ್ಲಿ ಏನೋ ಇದೆ.

ಮೊದಲು ಮನೆಯ ಮುಖ್ಯ ಸ್ವಿಚ್ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಇದನ್ನು ಮರೆತು ನಾನೇ ಒಮ್ಮೆ ಒಂದು ಗಂಟೆ ಕಳೆದಿದ್ದೇನೆ. ಗದ್ದಲ ನಿಂತರೆ ಮೂಲ ಮನೆಯೊಳಗಿದೆ. ಆಗ ಒಂದೊಂದು ಸಾಲಿನ ವಿದ್ಯುತ್ ಕಡಿಯುವ ಸ್ವಿಚ್‌ಗಳನ್ನೆಲ್ಲ (ಎಂಸಿಬಿ) ಆರಿಸಿ, ಮುಖ್ಯ ಸ್ವಿಚ್ ಹಾಕಿ, ಒಂದೊಂದೇ ಎಂಸಿಬಿ ಹಾಕುತ್ತ ಬನ್ನಿ. ಗದ್ದಲ ಯಾವ ಸಾಲಿನಲ್ಲಿ ಮರಳಿ ಬರುತ್ತದೆಯೋ ಆ ಸಾಲಿನ ಒಂದೊಂದೇ ಪ್ಲಗ್ ಕಿತ್ತು ನೋಡಿ. ಸಾಮಾನ್ಯವಾಗಿ ಸಿಗುವ ಅಪರಾಧಿಗಳೆಂದರೆ ಅಗ್ಗದ ಎಲ್‌ಇಡಿ ಬಲ್ಬು, ಹೆಸರಿಲ್ಲದ ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಪೆಟ್ಟಿಗೆಯ ಅಡಾಪ್ಟರ್, ಸೋಲಾರ್ ಚಾರ್ಜ್ ನಿಯಂತ್ರಕ, ಇಂಡಕ್ಷನ್ ಒಲೆ ಮತ್ತು ಹಳೆಯ ಮಾದರಿಯ ಇನ್ವರ್ಟರ್. ಇವುಗಳ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಮಂಡಲ ಇರುತ್ತದೆ. ಒಳ್ಳೆಯ ತಯಾರಕರು ಆ ಗದ್ದಲ ಹೊರಬಾರದಂತೆ ಸೋಸುವ ಭಾಗ ಹಾಕುತ್ತಾರೆ, ಬೆಲೆ ಇಳಿಸಲು ಹೊರಟವರು ಅದನ್ನೇ ಮೊದಲು ಬಿಡುತ್ತಾರೆ. ಅತ್ತೆಯ ಮನೆಯಲ್ಲಿ ಪ್ರತಿ ಸಂಜೆ ಆರೂವರೆಗೆ ಆರಂಭವಾಗುತ್ತಿದ್ದ ಗೊರಗೊರ ದನದ ಕೊಟ್ಟಿಗೆಯ ಒಂದು ಎಲ್‌ಇಡಿ ಬಲ್ಬಿನದಾಗಿತ್ತು. ಬಲ್ಬು ಬದಲಿಸಿದ ಮೇಲೆ ರೇಡಿಯೊ ತಿಳಿಯಾಯಿತು.

ಬದಲಿಸಲಾಗದ ಸಾಧನವಾದರೆ ಫೆರೈಟ್ ಉಂಗುರ ನೆರವಿಗೆ ಬರುತ್ತದೆ. ಲ್ಯಾಪ್‌ಟಾಪ್ ತಂತಿಯ ತುದಿಯಲ್ಲಿ ಕಾಣುವ ದಪ್ಪ ಗಂಟಿನೊಳಗೆ ಇರುವುದು ಅದೇ. ಸಾಧನದ ತಂತಿಯನ್ನು ಆ ಉಂಗುರದೊಳಗಿಂದ ಐದಾರು ಸುತ್ತು ಹಾಯಿಸಿ. ಉಂಗುರ ಸಾಧನಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಒಂದೇ ಸುತ್ತು ಹಾಕಿ ಕೆಲಸವಾಗಲಿಲ್ಲ ಎನ್ನುವವರು ಬಹಳ ಜನ. ಸುತ್ತು ಹೆಚ್ಚಿದಂತೆ ಅದರ ತಡೆ ವೇಗವಾಗಿ ಬೆಳೆಯುತ್ತದೆ.

ಮುಖ್ಯ ಸ್ವಿಚ್ ಆರಿಸಿದರೂ ಗದ್ದಲ ನಿಲ್ಲಲಿಲ್ಲವೆಂದರೆ ಮೂಲ ಹೊರಗಿದೆ. ಆಗ ಟ್ರಾನ್ಸಿಸ್ಟರನ್ನೇ ದಿಕ್ಸೂಚಿಯಾಗಿ ಬಳಸಿ. ಅದರೊಳಗೆ ಉದ್ದಬದಿಗೆ ಸಮನಾಗಿ ಒಂದು ಫೆರೈಟ್ ಕಡ್ಡಿ ಇರುತ್ತದೆ, ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ರೇಡಿಯೊವನ್ನು ಅಡ್ಡಲಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಗದ್ದಲ ಥಟ್ಟನೆ ಕುಸಿಯುತ್ತದೆ. ಆಗ ಕಡ್ಡಿಯ ಎರಡು ತುದಿಗಳಲ್ಲಿ ಒಂದು ಮೂಲದ ಕಡೆಗೆ ಚಾಚಿರುತ್ತದೆ. ಆ ಗೆರೆಯನ್ನು ನಕ್ಷೆಯಲ್ಲಿ ಎಳೆಯಿರಿ. ನೂರು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಂದು ಗೆರೆ ಎಳೆಯಿರಿ. ಎರಡೂ ಕೂಡುವಲ್ಲಿ ಹುಡುಕಬೇಕು.

ನಮ್ಮ ಕಡೆ ಈ ಗೆರೆಗಳು ಹೆಚ್ಚಾಗಿ ಎರಡು ಜಾಗಗಳಲ್ಲಿ ಕೂಡುತ್ತವೆ. ಒಂದು ಸೋಲಾರ್ ಬೇಲಿ. ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ 'ಟಕ್, ಟಕ್' ಎಂದು ತಾಳ ಹಾಕಿದಂತೆ ಕೇಳಿದರೆ ಅದೇ. ಬೇಲಿ ಸರಿಯಾಗಿದ್ದರೆ ಸದ್ದು ಅಲ್ಪ. ತಂತಿಗೆ ಹುಲ್ಲು, ಲಂಟಾನ, ಕಾಫಿ ಗಿಡದ ರೆಂಬೆ ತಾಗಿದ್ದರೆ ಅಥವಾ ಅವಾಹಕ ಒಡೆದಿದ್ದರೆ ಅಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ರೇಡಿಯೊ ಪ್ರಸಾರ. ಯಂತ್ರ ಆರಿಸಿ, ಬೇಲಿಯ ಬುಡ ಸವರಿ, ಸಡಿಲವಾದ ಗಂಟುಗಳನ್ನು ಬಿಗಿಮಾಡಿ. ಹೀಗೆ ಮಾಡಿದರೆ ರೇಡಿಯೊ ಶುಭ್ರವಾಗುವುದರ ಜತೆಗೆ ಬೇಲಿಯ ಹೊಡೆತವೂ ಸರಿಯಾಗುತ್ತದೆ. ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಡುವುದನ್ನು ಮಾತ್ರ ಯಾರೂ ಯಾವ ಕಾರಣಕ್ಕೂ ಮಾಡಬಾರದು. ಅದು ಕಾನೂನುಬಾಹಿರ, ಆನೆಯನ್ನೂ ಮನುಷ್ಯನನ್ನೂ ಕೊಲ್ಲುತ್ತದೆ.

ಎರಡನೆಯದು ವಿದ್ಯುತ್ ಕಂಬ. ಒಡೆದ ಪಿಂಗಾಣಿ ಬಟ್ಟಲು ಅಥವಾ ತಂತಿಗೆ ತಾಗಿದ ಸಿಲ್ವರ್ ಓಕ್ ಕೊಂಬೆ ಎಣ್ಣೆಯಲ್ಲಿ ಹಪ್ಪಳ ಕರಿದಂಥ ಸದ್ದು ಮಾಡುತ್ತದೆ, ಇಬ್ಬನಿ ಬಿದ್ದ ಬೆಳಗ್ಗೆ ಇನ್ನೂ ಜೋರು. ಕಂಬ ಹತ್ತಬೇಡಿ, ಅಲುಗಿಸಬೇಡಿ, ಕೊಂಬೆ ಕಡಿಯಲು ಹೋಗಬೇಡಿ. ಕಂಬದ ಸಂಖ್ಯೆ ಬರೆದುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಹಾಸನ ಜಿಲ್ಲೆ ಸೆಸ್ಕ್ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಗೆ, ಚಿಕ್ಕಮಗಳೂರು ಮೆಸ್ಕಾಂ ವ್ಯಾಪ್ತಿಗೆ ಬರುತ್ತದೆ. 'ರೇಡಿಯೊ ಕೇಳಿಸುತ್ತಿಲ್ಲ' ಎನ್ನುವುದಕ್ಕಿಂತ 'ಈ ಕಂಬದಲ್ಲಿ ಕಿಡಿ ಹಾರುತ್ತಿದೆ ಎಂಬ ಅನುಮಾನವಿದೆ' ಎಂದು ಹೇಳಿ. ಅದು ನಿಜವೂ ಹೌದು, ಕೆಲಸವೂ ಬೇಗ ಆಗುತ್ತದೆ.

ವೈ-ಫೈ ರೌಟರ್ ಎಲ್ಲಿ, ಹೇಗೆ

ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಯಾರೂ ಗಂಟೆಗಟ್ಟಲೆ ಕೂರುವ ಅಥವಾ ಮಲಗುವ ಜಾಗದಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿ ಇಡಿ. ತೊಟ್ಟಿ ಮನೆಯಾದರೆ ನೀವು ಅದೃಷ್ಟವಂತರು. ತೊಟ್ಟಿಯ ಅಂಚಿನ ಕಂಬಕ್ಕೆ ರೌಟರ್ ಕಟ್ಟಿದರೆ ಗೋಡೆಯ ಅಡ್ಡಿಯಿಲ್ಲದೆ ನಾಲ್ಕೂ ಕಡೆಗೆ ಅಲೆ ಹೋಗುತ್ತದೆ, ಎರಚಲು ತಾಗದ ಕಂಬ ನೋಡಿಕೊಂಡರೆ ಸಾಕು. ಕಬ್ಬಿಣದ ಬೀರುವಿನ ಹಿಂದೆ, ಫ್ರಿಜ್ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಬೇಡವೇ ಬೇಡ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹಾಸನದ ಬಡಾವಣೆಗಳಂಥ ಕಡೆ, ಅಕ್ಕಪಕ್ಕ ಹತ್ತು ರೌಟರ್ ಇರುವಾಗ, ವೈ-ಫೈ ಅಳೆಯುವ ಯಾವುದಾದರೂ ಉಚಿತ ಆ್ಯಪ್‌ನಿಂದ ಈ ಮೂರರಲ್ಲಿ ಯಾವುದು ಖಾಲಿ ಎಂದು ನೋಡಿ ಅದಕ್ಕೆ ಬದಲಿಸಿ. ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 3 ಅಥವಾ 4 ಖಾಲಿಯಿದೆಯೆಂದು ಅಲ್ಲಿಗೆ ಹೋದರೆ ಎರಡೂ ಕಡೆಯವರಿಗೆ ತೊಂದರೆ ಕೊಡುತ್ತೀರಿ. ಒಂದೇ ಕೋಣೆಯಲ್ಲಿ ಕೆಲಸವೆಂದರೆ 5 ಗಿಗಾಹರ್ಟ್ಸ್ ಬಳಸಿ, ಅದು ಗೋಡೆ ದಾಟಲು ಅಶಕ್ತ, ಆದರೆ ಬಹಳ ನಿರಾಳ.

ಊಟದ ಹೊತ್ತಿಗೆ ಮಾತ್ರ ವಿಡಿಯೊ ನಿಲ್ಲುತ್ತದೆಯೇ? ಮೈಕ್ರೋವೇವ್ ಒಲೆ ನೋಡಿ. ಅದೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. 800 ವ್ಯಾಟ್‌ನ ಒಲೆಯಿಂದ ಹತ್ತು ಸಾವಿರದ ಒಂದು ಭಾಗ ಸೋರಿದರೂ 80 ಮಿಲಿವ್ಯಾಟ್, ಹೆಚ್ಚುಕಡಿಮೆ ರೌಟರ್‌ನಷ್ಟೇ. ವೈ-ಫೈ ಕೆಟ್ಟಿತೆಂದರೆ ಒಲೆ ಅಪಾಯಕಾರಿ ಎಂದರ್ಥವಲ್ಲ. ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಮೀಟರಿಗೆ 50 ವ್ಯಾಟ್ ಎಂಬುದು ಸೋರಿಕೆಗೆ ಇರುವ ಮಿತಿ, ಒಂದು ಮೀಟರ್ ದೂರ ನಿಂತರೆ ಅದರಲ್ಲಿ ಉಳಿಯುವುದು ತೀರ ಅಲ್ಪ. ಬಾಗಿಲಿನ ಅಂಚಿನ ಜಿಡ್ಡು ಒರೆಸಿ. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ ಬಳಕೆ ನಿಲ್ಲಿಸಿ. ಒಲೆಯೊಳಗೆ ಮೊಬೈಲ್ ಇಟ್ಟು ಕರೆ ಮಾಡಿ ನೋಡುವ ಪರೀಕ್ಷೆಗೆ ಅರ್ಥವಿಲ್ಲ. ಮನೆಯಲ್ಲಿ ಅದರ ಹೊದಿಕೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೀವ ತೆಗೆಯಬಲ್ಲದು.

ಇನ್ನೊಂದು ಸಣ್ಣ ವಿಷಯ: ಕಂಪ್ಯೂಟರಿಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದಾಗ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸ್ ಕೆಟ್ಟಿಲ್ಲ. ಆ ಡಿಸ್ಕಿನ ತಂತಿ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡುತ್ತದೆ. ಕಂಪ್ಯೂಟರಿಗೆ ಚುಚ್ಚುವ ಮೌಸಿನ ಪುಟ್ಟ ರಿಸೀವರನ್ನು ಚಿಕ್ಕ ಯುಎಸ್‌ಬಿ ತಂತಿಯಲ್ಲಿ ದೂರಕ್ಕೆ ಎಳೆದುಕೊಳ್ಳಿ.

ಮೊಬೈಲ್ ಪಿಸುಗುಟ್ಟುವಂತೆ ಮಾಡುವುದು

ಫೈಬರ್ ಸಂಪರ್ಕವಿರುವ ಮನೆಯಲ್ಲಿ ಮಾಡಬೇಕಾದ ಅತಿ ದೊಡ್ಡ ಕೆಲಸ ವೈ-ಫೈ ಕಾಲಿಂಗ್ ಆನ್ ಮಾಡುವುದು. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಇರುತ್ತದೆ, 'ವೈ-ಫೈಗೆ ಆದ್ಯತೆ' ಎಂಬುದನ್ನು ಆರಿಸಿ. ಕೆಲವು ಫೋನುಗಳು ಒಂದು ಕಡ್ಡಿ ಸಿಗ್ನಲ್ ಇದ್ದರೂ ಟವರನ್ನೇ ಹಿಡಿದುಕೊಂಡಿರುತ್ತವೆ. ಅಂಥವಕ್ಕೆ ಏರೋಪ್ಲೇನ್ ಮೋಡ್ ಹಾಕಿ ವೈ-ಫೈ ಮಾತ್ರ ಆನ್ ಮಾಡಿ. ಆಗ ಮೊಬೈಲ್ ಗುಡ್ಡದಾಚೆಯ ಟವರಿಗೆ ಕೂಗುವುದು ಬಿಟ್ಟು, ಪಕ್ಕದ ಕೋಣೆಯ ರೌಟರ್ ಜತೆ ಮೆಲ್ಲಗೆ ಮಾತನಾಡುತ್ತದೆ. ಮಾತು ಕಡಿಯುವುದಿಲ್ಲ, ಬ್ಯಾಟರಿ ಉಳಿಯುತ್ತದೆ, ತಲೆಗೆ ತಾಗುವ ಶಕ್ತಿಯೂ ಇಳಿಯುತ್ತದೆ. ಒಂದೇ ಎಚ್ಚರಿಕೆ: ಕರೆಂಟು ಹೋದರೆ ರೌಟರೂ ಹೋಗುತ್ತದೆ. ರೌಟರಿಗೆಂದೇ ಸಿಗುವ ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕಿಸಿಕೊಳ್ಳಿ. ಆನೆ ಓಡಾಟದ ಎಚ್ಚರಿಕೆ ಸಂದೇಶಕ್ಕೆ ಕಾಯುವ ಊರುಗಳಲ್ಲಿ ರಾತ್ರಿ ಏರೋಪ್ಲೇನ್ ಮೋಡ್ ತೆಗೆದು, ಫೋನನ್ನು ಜಗಲಿಯ ಕಡೆಯ ಕಿಟಕಿಯಲ್ಲಿಡಿ. 112ಕ್ಕೆ ಕರೆ ಮಾಡಬೇಕಾಗಿ ಬಂದರೆ ಎಲ್ಲಿ ನಿಲ್ಲಬೇಕೆಂದು ಮನೆಮಂದಿಗೆಲ್ಲ ನಕ್ಷೆ ತೋರಿಸಿರಿ.

ಫೈಬರ್ ಇಲ್ಲದಿದ್ದರೆ ನಕ್ಷೆಯ ಅತ್ಯುತ್ತಮ ಜಾಗದಲ್ಲಿ ನಿಂತು ಮಾತನಾಡಿ, ಸ್ಪೀಕರ್ ಅಥವಾ ತಂತಿಯ ಇಯರ್‌ಫೋನ್ ಬಳಸಿ. ಕಿವಿಯಿಂದ ಒಂದು ಗೇಣು ದೂರವಾದರೂ ವ್ಯತ್ಯಾಸ ದೊಡ್ಡದು. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಬಸ್ಸು ಇಳಿಯುವಾಗ ಫೋನ್ ಟವರ್ ಹುಡುಕುತ್ತ ಹೆಚ್ಚು ಶಕ್ತಿ ಸುರಿಯುತ್ತಿರುತ್ತದೆ, ಆ ಹೊತ್ತಿನಲ್ಲಿ ಕರೆ ಮುಂದೂಡಿ.

ಹೊಸ ಫೋನ್ ಕೊಳ್ಳುವಾಗ *#07# ಒತ್ತಿದರೆ ಹಲವು ಫೋನುಗಳು ಎಸ್‌ಎಆರ್ ಮೌಲ್ಯ, ಅಂದರೆ ದೇಹದ ಅಂಗಾಂಶ ಹೀರಿಕೊಳ್ಳುವ ರೇಡಿಯೊ ಶಕ್ತಿಯ ಅಳತೆ, ತೋರಿಸುತ್ತವೆ. ಭಾರತದ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಕಿಲೋಗ್ರಾಮಿಗೆ 1.6 ವ್ಯಾಟ್. ಇದು ಫೋನ್ ಪೂರ್ಣ ಶಕ್ತಿಯಲ್ಲಿದ್ದಾಗಿನ ಅಂಕಿ. 0.9ರ ಫೋನಿಗೂ 1.1ರ ಫೋನಿಗೂ ಇರುವ ವ್ಯತ್ಯಾಸಕ್ಕಿಂತ ನೀವು ನಿಂತಿರುವ ಜಾಗದ ವ್ಯತ್ಯಾಸ ಎಷ್ಟೋ ಪಟ್ಟು ದೊಡ್ಡದು. ಫೋನಿನ ಹಿಂದೆ ಅಂಟಿಸುವ 'ವಿಕಿರಣ ತಡೆ' ಸ್ಟಿಕ್ಕರ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವು ನಿಜವಾಗಿಯೂ ಅಲೆ ತಡೆದರೆ ಫೋನ್ ಇನ್ನಷ್ಟು ಕೂಗುತ್ತದೆ.

ಬೂಸ್ಟರ್ ಬೇಡ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆಗಳ ಮಾಡಿನ ಮೇಲೆ ಆನ್‌ಲೈನಿನಲ್ಲಿ ತರಿಸಿದ ಸಿಗ್ನಲ್ ಬೂಸ್ಟರ್ ಆಂಟೆನಾಗಳನ್ನು ಕಂಡಿದ್ದೇನೆ. ಹಾಕಿಸಿದವರ ಕಷ್ಟ ನನಗೆ ಗೊತ್ತು. ಆದರೂ ತೆಗೆದುಹಾಕಿ ಎಂದೇ ಕೇಳಿಕೊಳ್ಳುತ್ತೇನೆ. ಖಾಸಗಿಯವರು ಅನುಮತಿಯಿಲ್ಲದೆ ಇದನ್ನು ಇಟ್ಟುಕೊಳ್ಳುವುದೇ ಅಪರಾಧ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ರೇಡಿಯೊ ಪ್ರೇಷಕಕ್ಕೆ ಪರವಾನಗಿ ಬೇಕು. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅಗ್ಗದ ಬೂಸ್ಟರ್ ನಿಮ್ಮ ಫೋನಿನ ದನಿಯ ಜತೆಗೆ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ಕಳಿಸುತ್ತದೆ. ಹೊರಗಿನ ಮತ್ತು ಒಳಗಿನ ಆಂಟೆನಾ ಹತ್ತಿರವಿದ್ದರೆ, ಮೈಕಿನ ಮುಂದೆ ಸ್ಪೀಕರ್ ಇಟ್ಟಾಗ ಕಿರುಚುವಂತೆ, ಅದೂ ಕಿರುಚುತ್ತದೆ. ಆ ಕಿರುಚಾಟದಲ್ಲಿ ಟವರಿಗೆ ದೂರದ ಫೋನುಗಳ ಮಾತು ಕೇಳಿಸುವುದಿಲ್ಲ. ನಿಮ್ಮ ಮನೆಗೆ ಮೂರು ಕಡ್ಡಿ ಬಂದಾಗ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಗರ್ಭಿಣಿಗೆ ಆಂಬುಲೆನ್ಸ್ ಕರೆಯಲು ಆಗದೆ ಹೋಗಬಹುದು.

ವಿದೇಶದಿಂದ ಮಕ್ಕಳು ತಂದುಕೊಟ್ಟ ಕಾರ್ಡ್‌ಲೆಸ್ ಫೋನಿಗೂ ಇದೇ ಮಾತು. ಅಮೆರಿಕದ ಡೆಕ್ಟ್ ಎಂಬ ಮಾದರಿಯ ಕಾರ್ಡ್‌ಲೆಸ್ ಫೋನ್ 1,920ರಿಂದ 1,930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ನಮ್ಮಲ್ಲಿ ಅದು ಮೊಬೈಲುಗಳು ಟವರಿಗೆ ಮಾತನಾಡುವ ಪಟ್ಟಿಯೊಳಗೆ ಬೀಳುತ್ತದೆ. ಪೆಟ್ಟಿಗೆಯಲ್ಲೇ ಇರಲಿ.

ಸರಿಯಾದ ದಾರಿ ನಿಧಾನ, ಆದರೆ ಇದೆ. ಮೊಬೈಲ್ ಸೇವೆ ಕೊಡುವ ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ನೀವು ಬರೆದ ನಕ್ಷೆ, ದಿನಾಂಕ, ಡಿಬಿಎಂ ಅಂಕಿಗಳನ್ನು ಲಗತ್ತಿಸಿ. ಅಕ್ಕಪಕ್ಕದ ಹತ್ತು ಮನೆಯವರು ಒಟ್ಟಾಗಿ ಬರೆದರೆ ಇನ್ನೂ ಒಳ್ಳೆಯದು. ಊರಿಗೆ ಟವರ್ ಬಂದಾಗ ವಿಕಿರಣದ ಅಳುಕಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಆ ಟವರಿನ ಮಾಹಿತಿ ನೋಡಬಹುದು, ಶುಲ್ಕ ಕಟ್ಟಿ ಅಳತೆಯನ್ನೂ ಕೋರಬಹುದು.

ಪೇಸ್‌ಮೇಕರ್ ಇರುವವರ ಮನೆಯಲ್ಲಿ

ಇಲ್ಲಿ ರಿಯಾಯಿತಿ ಬೇಡ. ಮೊಬೈಲ್ ಎದೆಯ ಜೇಬಿನಲ್ಲಿ ಇರಬಾರದು. ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ, ಮಾತನಾಡುವಾಗ ಅದು ಇಲ್ಲದ ಕಡೆಯ ಕಿವಿಗೆ ಹಿಡಿಯಲಿ. ಅಯಸ್ಕಾಂತವಿರುವ ಫೋನು ಮತ್ತು ವೈರ್‌ಲೆಸ್ ಚಾರ್ಜರ್ ಬಗ್ಗೆಯೂ ಇದೇ ಎಚ್ಚರ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಬೇಕು. ರೌಟರ್ ಒಂದು ಮೀಟರ್ ಆಚೆಗಿದ್ದರೆ ಚಿಂತೆಯಿಲ್ಲ. ಹೃದ್ರೋಗ ತಜ್ಞರು ಕೊಟ್ಟ ಪೇಸ್‌ಮೇಕರ್ ಚೀಟಿಯಲ್ಲಿ ಬೇರೆ ಸೂಚನೆಯಿದ್ದರೆ ಅದೇ ಅಂತಿಮ.

ಹೂಮಳೆಗೆ ಮುಂಚೆ, ಜೂನಿನ ಮಳೆಯ ನಂತರ

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸಿಡಿಲನ್ನು ಹೊತ್ತೇ ಬರುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ರೌಟರ್, ಸೆಟ್‌ಟಾಪ್ ಪೆಟ್ಟಿಗೆಗಳ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಡಿಶ್‌ನಿಂದ ಬರುವ ತಂತಿಯನ್ನೂ ಬಿಚ್ಚಿಡಿ. ಮನೆಯಿಂದ ಲೈನ್ ಮನೆಗೋ ಗೋದಾಮಿಗೋ ಇಂಟರ್ನೆಟ್ ಎಳೆಯುವುದಿದ್ದರೆ ತಾಮ್ರದ ತಂತಿ ಬೇಡ, ಫೈಬರ್ ಎಳೆಸಿ, ಅದರ ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಒಳಗೆ ಬಲಕ್ಕಾಗಿ ಉಕ್ಕಿನ ತಂತಿ ಇಲ್ಲದ ಫೈಬರನ್ನೇ ಕೇಳಿ ಪಡೆಯಿರಿ.

ಬೇಸಿಗೆಯಲ್ಲಿ ಬರೆದ ನಕ್ಷೆ ಮಳೆಗಾಲಕ್ಕೆ ಸುಳ್ಳಾಗುತ್ತದೆ. ನೆರಳುಮರಗಳ ಎಲೆ ದಟ್ಟವಾಗಿ, ತೊಯ್ದು ತೊಟ್ಟಿಕ್ಕುವಾಗ ಐದಾರು ಅಂಕಿ ಇಳಿದರೂ ಅಚ್ಚರಿಯಿಲ್ಲ. ಜೂನ್ ಕೊನೆಯ ವಾರದಲ್ಲಿ ಒಂದು ಜೋರು ಮಳೆಯ ದಿನ ಅದೇ ಹಾಳೆ ಹಿಡಿದು, ಅದೇ ಜಾಗಗಳಲ್ಲಿ ನಿಂತು, ಹಳೆಯ ಅಂಕಿಯ ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಿಂದ ಹೊಸ ಅಂಕಿ ಬರೆದುಕೊಳ್ಳಿ.